ಕೌಂಟರಿನ ಕುರ್ಚಿ

ಸುಂಟಿಕೊಪ್ಪದ ಬಸ್ ನಿಲ್ದಾಣದ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ನಾನು ಸಿಸ್ಟರ್. ಜನ ಹಾಗೆ ಕರೆಯುತ್ತಾರೆ, ನರ್ಸಿಂಗ್ ಓದಿದವಳೇನೂ ಅಲ್ಲ. ಪಿಯುಸಿ ಮುಗಿಸಿ ಬಂದಾಗ ಬಾಗಿಲಲ್ಲಿ ನಿಂತು ರೋಗಿಗಳ ಹೆಸರು ಕೂಗುವುದು ನನ್ನ ಕೆಲಸ. ಕೌಂಟರಿನಲ್ಲಿ ಮಾತ್ರೆ ಕೊಡುತ್ತಿದ್ದವಳು ಮದುವೆಯಾಗಿ ಗೋಣಿಕೊಪ್ಪಲಿಗೆ ಹೋದಾಗ ಅವಳ ಕುರ್ಚಿ ನನಗೆ ಬಂತು. ಒಳಗಿನ ಸಿಸ್ಟರ್ ಕೆಲಸ ಬಿಟ್ಟಾಗ ಡ್ರೆಸಿಂಗು, ಇಂಜೆಕ್ಷನ್ನು ಎಲ್ಲ ನನ್ನ ಕೈಗೆ ಬಂದವು. ನಮ್ಮಲ್ಲಿ ಬಡ್ತಿ ಎಂದರೆ ಇಷ್ಟೇ, ಮುಂದಿನವಳು ಎದ್ದರೆ ಹಿಂದಿನವಳು ಕೂರುವುದು. ಈ ಬಾಗಿಲು ದಾಟಿ ಹೊರಗೆ ಹೋದರೆ ನನ್ನ ಅನುಭವಕ್ಕೆ ಮೂರು ಕಾಸಿನ ಬೆಲೆ ಇಲ್ಲ, ಅದು ಡಾಕ್ಟ್ರಿಗೂ ಗೊತ್ತು, ನನಗೂ ಗೊತ್ತು.

ಪೊರಕೆ ಹಿಡಿದವರಿಗೆ ಆ ಬಡ್ತಿಯೂ ಇರಲಿಲ್ಲ. ನಾನು ಬರುವುದಕ್ಕೆ ಮೊದಲಿನಿಂದಲೂ ಅಲ್ಲಿ ಗುಡಿಸಿ ಒರೆಸುತ್ತಿದ್ದವಳು ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ನಡೆದು ಬರುವ ಒಬ್ಬ ಹೆಂಗಸು. ನಾನು ಅಕ್ಕ ಎನ್ನುತ್ತೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದಾಳೆ. ನಾನು ಕೌಂಟರಿನಲ್ಲಿದ್ದಾಗ, ಒರೆಸುವ ಬಟ್ಟೆ ಹಿಂಡಿ ಒಣಹಾಕಿದ ಮೇಲೆ ನನ್ನ ಪಕ್ಕ ನಿಂತು ಯಾವ ಮಾತ್ರೆ ಯಾವ ಡಬ್ಬಿಯಲ್ಲಿ ಎಂದು ಕಲಿತುಕೊಂಡಳು. ನಾನೂ ಹಾಗೇ ಇನ್ನೊಬ್ಬಳ ಪಕ್ಕ ನಿಂತು ಕಲಿತವಳು.

ಹೋದ ವರ್ಷ, ನನ್ನ ನಂತರ ಕೌಂಟರಿಗೆ ಬಂದಿದ್ದ ಹುಡುಗಿ ಕೆಲಸ ಬಿಟ್ಟು ಮೈಸೂರಿಗೆ ಹೋದಳು. ಕುರ್ಚಿ ಖಾಲಿಯಾಯಿತು. ಅಕ್ಕ ಕೈ ಒರೆಸಿಕೊಳ್ಳುತ್ತ ಡಾಕ್ಟ್ರ ಮುಂದೆ ಹೋಗಿ ನಿಂತು, ಆ ಕೆಲಸ ನನಗೆ ಕೊಡಿ ಎಂದು ಕೇಳಿದಳು. ಅಷ್ಟು ವರ್ಷದಲ್ಲಿ ಅವಳು ತನಗಾಗಿ ಬಾಯಿಬಿಟ್ಟು ಕೇಳಿದ್ದನ್ನು ನಾನು ನೋಡಿದ್ದು ಆಗಲೇ.

“ಕೂತ್ಕೊಳಮ್ಮ, ನಾನ್ಯಾಕೆ ಬೇಡ ಅನ್ಲಿ?” ಎಂದು ಡಾಕ್ಟ್ರು ನಕ್ಕರು. “ಆದ್ರೆ ಗುಡಿಸೋರು ಯಾರು ಹೇಳು? ಈಗ ಆ ಕೆಲ್ಸಕ್ಕೆ ಯಾರೂ ಸಿಗಲ್ಲ. ನಿನ್ನ ಮಗಳು ಪಿಯುಸಿ ಮುಗ್ಸಿ ಮನೇಲೇ ಇದಾಳಲ್ಲ, ಅವಳನ್ನ ಕರ್ಕೊಂಡ್ ಬಾ. ನೀನು ಕುರ್ಚಿಗೆ, ಅವಳು ಪೊರಕೆಗೆ.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನನಗೆ ಮೈಯೆಲ್ಲ ಉರಿದುಹೋಯಿತು. ಮಗಳು ಕುಶಾಲನಗರದಲ್ಲಿ ಡಿಗ್ರಿಗೆ ಸೇರಲು ಅರ್ಜಿ ಹಾಕಿ ಕಾಯುತ್ತಿದ್ದಳು. ಅವಳು ಪಾಸಾದಳು, ಮುಂದೆ ಓದುತ್ತಾಳೆ ಎಂದು ಅಕ್ಕ ಡಾಕ್ಟ್ರಿಗೆ ಹೇಳಿ ಸಿಹಿ ಕೂಡ ಹಂಚಿದ್ದಳು, ಅವರು ತಿಂದಿದ್ದರು.

ಅಕ್ಕ ಮಗಳನ್ನು ಕರೆತರಲಿಲ್ಲ. ಮಾರನೆಯ ದಿನ ಬೇಗ ಬಂದು ಗುಡಿಸಿದಳು, ಒರೆಸಿದಳು, ಸೋಪು ಹಾಕಿ ಕೈ ತೊಳೆದು ಕೌಂಟರಿನಲ್ಲಿ ನಿಂತು ಮಾತ್ರೆ ಕೊಟ್ಟಳು. ಕೂರಲಿಲ್ಲ. ಬೆಂಚಿನ ಹತ್ತಿರ ಕೆಸರಾದರೆ ಮತ್ತೆ ಪೊರಕೆ ಹಿಡಿಯಬೇಕಲ್ಲ, ಕೂತು ಏನು ಮಾಡುವುದು? ಒಬ್ಬಳ ಕೈಯಲ್ಲಿ ಎರಡು ಕೆಲಸ, ಡಾಕ್ಟ್ರಿಗೆ ಬಲು ಖುಷಿ.

“ಯಾಕಕ್ಕ ಹಿಂಗೆ ಸಾಯ್ತೀಯ?” ಎಂದು ಬೈದೆ.

“ನಾನ್ ಎರಡಲ್ಲ, ಮೂರ್ ಕೆಲ್ಸ ಬೇಕಾದ್ರೂ ಮಾಡ್ತೀನಿ. ಮಗಳ ಕೈಗೆ ಪೊರಕೆ ಕೊಟ್ಟು ನಾನ್ ಕೂತ್ಕೊಳ್ಳೋ ಕುರ್ಚಿ ಯಾವ ಸುಡುಗಾಡಿಗೆ?” ಎಂದಳು.

ಮಳೆಗಾಲ ಪೂರ್ತಿ ಹೀಗೇ ನಡೆಯಿತು. ಒಂದು ಸಂತೆಯ ದಿನ ಎಸ್ಟೇಟುಗಳಿಂದ ಜೀಪುಗಟ್ಟಲೆ ಜನ ಬಂದು ನೆಲವೆಲ್ಲ ಕೆಮ್ಮಣ್ಣಾಯಿತು. ಅಕ್ಕ ತಮಿಳಿನ ಮುದುಕಿಯೊಬ್ಬಳಿಗೆ ಮಾತ್ರೆ ತಿನ್ನುವ ಕ್ರಮ ಹೇಳುತ್ತಿದ್ದಳು. ಒಳಗಿನಿಂದ ಡಾಕ್ಟ್ರು “ಏಯ್, ನೆಲ ನೋಡು!” ಎಂದು ಕೂಗಿದರು. ಅಕ್ಕ ಮಾತು ಅರ್ಧಕ್ಕೇ ನಿಲ್ಲಿಸಿದಳು. ನಾನು ಇಂಜೆಕ್ಷನ್ನಿನ ಟ್ರೇ ಕೆಳಗಿಟ್ಟು, ಹೋಗಿ ಪೊರಕೆ ತೆಗೆದುಕೊಂಡು ಗುಡಿಸತೊಡಗಿದೆ. ಡಾಕ್ಟ್ರು ಪರದೆ ಸರಿಸಿಕೊಂಡು ಓಡಿಬಂದರು.

“ಸಿಸ್ಟರ್, ಏನಿದು? ಪೇಷೆಂಟುಗಳು ನೋಡ್ತಿದಾರೆ. ಪೊರಕೆ ಹಿಡಿದ ಕೈಯಲ್ಲಿ ಸೂಜಿ ಚುಚ್ಚಿದ್ರೆ ನಾಳೆ ಯಾರು ಬರ್ತಾರೆ ಇಲ್ಲಿಗೆ?”

“ಅಕ್ಕ ದಿನಾ ಪೊರಕೆ ಹಿಡಿದ ಕೈಯಲ್ಲೇ ಮಾತ್ರೆ ಕೊಡ್ತಾಳೆ, ಆಗ ಯಾರೂ ನೋಡಲ್ವಾ ಸರ್? ಅವಳದ್ದು ಕೈ ಅಲ್ವಾ? ಇನ್ನು ಮೇಲೆ ಒಂದಿನ ಅವಳು, ಒಂದಿನ ನಾನು.”

ಬೆಂಚಿನ ತುಂಬ ಜನ. ಬೇಡ ಅಂದರೆ ಅಂದೇ ಕೆಲಸ ಬಿಡುವವಳಿದ್ದೆ. ಅವರು ಪರದೆ ಎಳೆದುಕೊಂಡು ಒಳಗೆ ಹೋದರು.

ಯಾರೂ ಸಿಗಲ್ಲ ಎಂದಿದ್ದ ಡಾಕ್ಟ್ರಿಗೆ ಆ ವಾರವೇ ಒಬ್ಬಳು ಸಿಕ್ಕಿದಳು! ಗುಡಿಸುವುದಕ್ಕೆ ಆ ಹೊಸಬಳು ಬಂದಳು, ಅಕ್ಕ ಕುರ್ಚಿಯಲ್ಲಿ ಕೂತಳು. ಬಿಡುವಾದಾಗ ಅಕ್ಕ ಅವಳನ್ನು ಪಕ್ಕ ನಿಲ್ಲಿಸಿಕೊಂಡು ಮಾತ್ರೆಯ ಡಬ್ಬಿಗಳನ್ನು ತೋರಿಸುತ್ತಾಳೆ. ಮಗಳು ಕುಶಾಲನಗರದ ಬಸ್ಸು ಹತ್ತುವ ಮೊದಲು ಕೌಂಟರಿಗೆ ಬಂದು ಅಮ್ಮನಿಗೆ ಬುತ್ತಿ ಕೊಟ್ಟು ಹೋಗುತ್ತಾಳೆ.

ಆದರೂ ನನ್ನ ಸಿಟ್ಟು ಇಳಿದಿಲ್ಲ. ಮೊನ್ನೆ ಬೆಂಚಿನ ಹತ್ತಿರ ಒಂದು ಮಗು ವಾಂತಿ ಮಾಡಿತು. ಡಾಕ್ಟ್ರು ಒಳಗಿನಿಂದ ಹೊಸಬಳನ್ನು ಬಿಟ್ಟು ಅಕ್ಕನ ಹೆಸರನ್ನೇ ಹಿಡಿದು ಕೂಗಿದರು. ಅವಳು ಮಾತ್ರೆಯ ಸ್ಟ್ರಿಪ್ಪು ಕೈಯಲ್ಲಿದ್ದಂತೆಯೇ ತಟ್ಟನೆ ಎದ್ದಳು. ಡಾಕ್ಟ್ರ ಮೇಲಿಗಿಂತ ಹೆಚ್ಚು ಸಿಟ್ಟು ನನಗೆ ಹಾಗೆ ಎದ್ದ ಅವಳ ಕಾಲುಗಳ ಮೇಲೆ ಬಂತು.

“ಕೂತ್ಕೋ ಅಕ್ಕ!” ಎಂದು ಕಿರುಚಿದೆ.

ಬೆಂಚಿನವರೆಲ್ಲ ತಿರುಗಿದರು. ಡಾಕ್ಟ್ರು ಪರದೆ ಸರಿಸಿ ಇಣುಕಿದರು. ಅಕ್ಕ ಅವರನ್ನು ನೋಡಿದಳು, ಕೈಯಲ್ಲಿದ್ದ ಮಾತ್ರೆಗಳನ್ನು ನೋಡಿದಳು.

“ಮಾತ್ರೆ ಕೊಡ್ತಾ ಇದೀನಿ ಸರ್” ಎಂದು ಹೇಳಿ ಕೂತಳು.