ಚಾಚಾನ ಕತ್ತಿಗೆ ನಾನು ಹಚ್ಚಿದ ತುಕ್ಕು

ಕಳೆದ ವಾರ ಸಂಜಯನಗರದ ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಸವರಿದರು. ಆ ವಾಸನೆಗೆ ಚಾಚಾ ನೆನಪಾದರು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಮತ್ತಿಕೆರೆಯ ವಠಾರದಲ್ಲಿ ಪಕ್ಕದ ಮನೆಯಲ್ಲಿದ್ದವರು. ಆರ್.ಟಿ. ನಗರದಲ್ಲಿ ಅವರ ಕ್ಷೌರದಂಗಡಿ. ಜೊತೆಗೆ ಮುಸ್ಲಿಂ ಮನೆಗಳಿಗೆ ಹೋಗಿ ಗಂಡುಮಕ್ಕಳಿಗೆ ಖತ್ನಾ, ಅಂದರೆ ಮುಂದೊಗಲು ತೆಗೆಯುವ ಸುನ್ನತಿ, ಮಾಡುವುದು ತಂದೆಯಿಂದ ಬಂದ ಕೆಲಸ.

ಇಪ್ಪತ್ತಾರನೇ ವಯಸ್ಸಿನಲ್ಲಿ, ಮದುವೆ ಗೊತ್ತಾದ ಮೇಲೆ, ನನಗೂ ಅದೇ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದರು. ಚರ್ಮ ಬಿಗಿಯಾಗಿತ್ತು, ಅಷ್ಟೇ. ನಮ್ಮ ಮನೆಯಲ್ಲಿ ಆಡುವ ಮಾತಲ್ಲ. ಹರ್ನಿಯಾ ಎಂದು ಸುಳ್ಳು ಹೇಳಿದೆ. ಆಸ್ಪತ್ರೆಗೆ ಜೊತೆಯಲ್ಲಿ ಬಂದವರು ಚಾಚಾ ಒಬ್ಬರೇ. ನಾನೊಬ್ಬನೇ ಇದ್ದ ಕೋಣೆಗೆ ಮರಳಿದ ಮೇಲೆ, ಲುಂಗಿ ಗಾಯಕ್ಕೆ ತಾಗದಂತೆ ಅದರ ನಡುವಿಗೆ ದಾರ ಕಟ್ಟಿ, ಮೇಲಿನ ಕೊಕ್ಕೆಗೆ ಎಳೆದು, ಡೇರೆಯ ಹಾಗೆ ನಿಲ್ಲಿಸಿದರು. ಅವರಲ್ಲಿ ಹುಡುಗರಿಗೆ ಹಾಗೇ ಮಾಡುವುದಂತೆ. ಏಳು ದಿನವೋ, ಹತ್ತೋ... ಡ್ರೆಸ್ಸಿಂಗ್ ಬದಲಿಸಿದರು. ಪ್ರತಿಸಲ ಕತ್ತರಿ ಕುದಿಸಿ ಸ್ಪಿರಿಟ್‌ನಲ್ಲಿ ಒರೆಸುವರು. ತಮ್ಮ ಕೆಲಸದ ಕತ್ತಿಯನ್ನೂ ಹಾಗೆಯೇ ಕುದಿಸಿ ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು.

"ನಮ್ ಏಳ್ ವರ್ಷದ ಹುಡುಗ್ರು ನಿಮಗಿಂತ ಕಮ್ಮಿ ಅಳ್ತಾರೆ ಮೇಷ್ಟ್ರೇ" ಎನ್ನುತ್ತಿದ್ದರು. ನಕ್ಕರೆ ನೋಯುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಪತ್ರಿಕೆಯೊಂದಕ್ಕೆ ಖತ್ನಾದ ಬಗ್ಗೆ ಬರೆದೆ. ಈಜಿಪ್ಟಿನ ಗೋರಿಗಳ ಗೋಡೆಚಿತ್ರ, ಯಹೂದಿಗಳು, ಮುಸ್ಲಿಮರು, ಮೂರ್ಛೆರೋಗಕ್ಕೂ ಇದೇ ಮದ್ದೆಂದ ಪಶ್ಚಿಮದ ಹಳೆಯ ವೈದ್ಯರು, ಲಾಭ ಉಂಟು ಇಲ್ಲವೆಂದು ಈಗಲೂ ಜಗಳವಾಡುವವರು... ಮಗುವಿನ ಒಪ್ಪಿಗೆ ಕೇಳಿದವರು ಯಾರು ಎಂದು ಕೇಳಿದ್ದೆ. ಆ ಪ್ರಶ್ನೆಯನ್ನು ಇವತ್ತೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಕೊನೆಯಲ್ಲಿ, ಮತ್ತಿಕೆರೆಯ ಮುದುಕರೊಬ್ಬರ ತುಕ್ಕು ಹಿಡಿದ ಕತ್ತಿಯನ್ನು ಕಣ್ಣಾರೆ ಕಂಡಿದ್ದೇನೆ ಎಂದು ಸೇರಿಸಿದೆ. ಬರಹಕ್ಕೆ ತೂಕ ಬೇಕಿತ್ತು.

ಯಾರೆಂದು ಎಲ್ಲರಿಗೂ ತಿಳಿಯಿತು. ಖತ್ನಾಕ್ಕೆ ಚಾಚಾನನ್ನು ಕರೆಯುವುದನ್ನು ಜನ ಬಿಟ್ಟರು.

ಒಂದು ಬೆಳಗ್ಗೆ ಟೀ ಅಂಗಡಿಯ ಮುಂದೆ, ನಾನಿರುವಾಗಲೇ, ಕಂಟ್ರಾಕ್ಟರೊಬ್ಬರು ಕೆಣಕಿದರು: "ಏನ್ ಚಾಚಾ, ಕತ್ತಿ ಗುಜ್ರಿಗೆ ಹಾಕಿದ್ರಾ? ಅಲ್ಲಾ, ನಮ್ ಮೇಷ್ಟ್ರು ಅಷ್ಟ್ ಹತ್ರದಿಂದ ಹೆಂಗ್ ನೋಡಿದ್ರು ಅಂತ?"

ಟೀ ಕಾಸು ಹುಡುಕುವವನಂತೆ ಜೇಬಿಗೆ ಕೈ ಹಾಕಿದೆ. ಹಾಕಿದೆನೋ, ಈಗ ಬರೆಯುತ್ತಾ ಹಾಕಿಸುತ್ತಿದ್ದೇನೋ... ಒಂದೇ ಮಾತಿನಲ್ಲಿ ಚಾಚಾ ನನ್ನ ಗುಟ್ಟು ಬಿಚ್ಚಬಹುದಿತ್ತು.

"ಓದಿರೋರು, ಗೊತ್ತಿರತ್ತೆ" ಅಂದರು. ಆಮೇಲೆ ರಸ್ತೆ ದಾಟುವಾಗ, ನನಗಷ್ಟೇ ಕೇಳುವಂತೆ: "ತುಕ್ಕು ಎಲ್ ನೋಡಿದ್ರಿ ಮೇಷ್ಟ್ರೇ?"

ಕಾಲೇಜಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ. ತಪ್ಪಾಯಿತೆಂದು ಪತ್ರಿಕೆಗೆ ಎರಡು ಸಾಲು ಕಳಿಸಬಹುದಿತ್ತು. ತುಕ್ಕಿನ ಸುಳ್ಳು ಒಪ್ಪಿಕೊಂಡರೆ ಹರ್ನಿಯಾದ ಸುಳ್ಳೂ ಹೊರಬಿದ್ದೀತೆಂದು ಹೆದರಿದೆ.

ಕಳೆದ ವಾರ ಕ್ಲಿನಿಕ್ಕಿನಿಂದ ನೇರವಾಗಿ ಆರ್.ಟಿ. ನಗರಕ್ಕೆ ಹೋದೆ. ಅಂಗಡಿ ಇತ್ತು. ಕುರ್ಚಿಯ ಹಿಂದೆ ಅವರ ಮಗ ನಿಂತಿದ್ದರು. ಅಬ್ಬಾ ತೀರಿಹೋಗಿ ಎರಡು ವರ್ಷವಾಯಿತು ಎಂದರು. ನೀವು ಯಾರು ಎಂದು ಕೇಳಿದರು. ಆ ಲೇಖನ ಅವರೂ ಓದಿರಬೇಕು, ಹೆಸರು ಹೇಳಿದರೆ...

ಹಳೇ ಗಿರಾಕಿ ಅಂದೆ.

"ಹಂಗಾದ್ರೆ ಕೂತ್ಕೊಳ್ಳಿ ಅಂಕಲ್, ಟೀ ತರಿಸ್ತೀನಿ. ಅಬ್ಬಾನ ಕೇಳ್ಕೊಂಡು ಯಾರೂ ಬರಲ್ಲ ಈಗ."

ಟೀ ಬರುವ ಮೊದಲೇ ಎದ್ದು ಬಂದೆ.