ಬೆಂಕಿಯ ಮುಂದೆ ತಪ್ಪಿದ ಮಾತು

ಎರಿವಾಲ್ದೊನ ಬಾಯಿಗೆ ಬಿದ್ದವರು ಜೋಲಿ ಕೊಳ್ಳದೆ ಮನೆಗೆ ಹೋದದ್ದನ್ನು ನಾನು ಕಂಡಿಲ್ಲ. ಹುಟ್ಟಿದಾಗಿನಿಂದ ಮಂಚದ ಮೇಲೆ ಮಲಗಿದ ದಕ್ಷಿಣದ ಸಾಹುಕಾರರಿಗೂ ಅವನು ಜೋಲಿ ಮಾರಿದ. "ಮಂಚ ನಿಮ್ಮನ್ನ ಹೊತ್ಕೊಂಡಿರುತ್ತೆ ಅಷ್ಟೇ ಯಜಮಾನ್ರೇ, ಜೋಲಿ ಆದ್ರೆ ತಬ್ಕೊಳ್ಳುತ್ತೆ" ಎನ್ನುತ್ತಿದ್ದ. ಮುಗಿಯಿತು, ಗಂಡ ಹೆಂಡತಿ ಇಬ್ಬರೂ ಒಂದೊಂದು ಕೊಳ್ಳುತ್ತಿದ್ದರು.

ನಮ್ಮ ಸಾಂವ್ ಬೆಂತು ಊರೇ ಹಾಗೆ. ಮನೆಮನೆಯಲ್ಲೂ ಮಗ್ಗ. ಹೆಂಗಸರು ಜೋಲಿಯ ಅಂಚಿಗೆ ಕುಚ್ಚು ಕಟ್ಟುತ್ತಾರೆ, ಗಂಡಸರು ಲಾರಿ ತುಂಬಿಸಿಕೊಂಡು ಇಡೀ ಬ್ರೆಜಿಲ್ ಸುತ್ತುತ್ತಾರೆ. ಆ ಲಾರಿ ಓಡಿಸುವವನು ನಾನು, ಪೇದ್ರು. ಸಂತನ ಹೆಸರಿಟ್ಟುಕೊಂಡು ಆ ಸಂತನಿಗಾಗಿ ಒಂದು ಕಡ್ಡಿಯನ್ನೂ ಎತ್ತಿಡದ ಸೋಮಾರಿ ಎಂದು ನನ್ನ ಹೆಂಡತಿ ವರ್ಷಕ್ಕೊಮ್ಮೆ ಬೈಯುತ್ತಾಳೆ. ಅದಿರಲಿ.

ಊರೂರು ಗೆದ್ದ ಎರಿವಾಲ್ದೊನ ಆ ಬಾಯಿ ಒಬ್ಬಳ ಮುಂದೆ ಮಾತ್ರ ಕಟ್ಟಿಹೋಗುತ್ತಿತ್ತು. ಅವಳೇ ಲಿಂದಾಲ್ವಾ. ಜೆಫಜ್ಜಿಯ ಮೊಮ್ಮಗಳು, ಅಜ್ಜಿಯ ಜಗುಲಿಯಲ್ಲಿ ಕೂತು ಇವನು ಮಾರುವ ಜೋಲಿಗಳಿಗೆಲ್ಲ ಕುಚ್ಚು ಕಟ್ಟುವವಳು. ಅವಳಿಗೂ ಇವನೆಂದರೆ ಜೀವ. ಬಾಯಿಬಿಟ್ಟು ಹೇಳುವ ಕೆಲಸವೊಂದೇ ಬಾಕಿಯಿತ್ತು.

ಸಂತ ಜುವಾಂವ್ ಹಬ್ಬದ ಮುನ್ನಾ ಸಂಜೆ ನಮ್ಮಲ್ಲಿ ಬಾಗಿಲಿಗೊಂದು ಬೆಂಕಿ ಹಾಕುತ್ತೇವೆ. ಇಬ್ಬರು ಕೈ ಹಿಡಿದು, ಸಂತನ ಸಾಕ್ಷಿಯಾಗಿ ಯಾವ ನಂಟು ಹೇಳಿ ಆ ಬೆಂಕಿ ಹಾರುತ್ತಾರೋ ಅಂದಿನಿಂದ ಅವರಿಗೆ ಅದೇ ನಂಟು. ಹೆಚ್ಚಿನವರು ಕುಂಪಾದೆ, ಕುಮಾದೆ ಆಗುತ್ತಾರೆ, ಗಂಡಾದರೆ ಕುಂಪಾದೆ, ಹೆಣ್ಣಾದರೆ ಕುಮಾದೆ. ಅದು ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಹೆಸರು ಹಿಡಿದು ಕರೆಯುವಂತಿಲ್ಲ, ಜಗಳ ಆಡುವಂತಿಲ್ಲ, ಇನ್ನು ಮದುವೆಯ ಮಾತಂತೂ ಎತ್ತುವ ಹಾಗೇ ಇಲ್ಲ.

ಎರಿವಾಲ್ದೊ "ಮದುಮಗಳು" ಎಂಬ ಒಂದೇ ಮಾತನ್ನು ವಾರವಿಡೀ ಬಾಯಿಪಾಠ ಮಾಡಿದ್ದ. ಸಾಲಿನಲ್ಲಿ ಅವನ ಮುಂದಿದ್ದವರೆಲ್ಲ ಕುಮಾದೆ ಕುಮಾದೆ ಎಂದು ಹಾರುತ್ತಿದ್ದರು. ಇವನ ಸರದಿ ಬಂತು. ಲಿಂದಾಲ್ವಾಳ ಕೈ ಹಿಡಿದು ಹಾರಿದವನು, ಸಂತೆಯಲ್ಲಿ ಕೂಗುವ ದನಿಯಲ್ಲಿ, "ಕುಮಾದೆ" ಎಂದುಬಿಟ್ಟ.

ಬೀದಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಿಂದಾಲ್ವಾಳೂ ನಕ್ಕಳು, ಆಮೇಲೆ ಅವಳ ಮುಖ ಸಪ್ಪಗಾಯಿತು. ಬೆಂಕಿಯ ಮುಂದೆ ಆಡಿದ್ದು ಆಡಿದ ಹಾಗೆಯೇ, ಬಿಚ್ಚಬೇಕಾದರೆ ಮುಂದಿನ ವರ್ಷ ಬೆಂಕಿಯೇ ಬಿಚ್ಚಬೇಕು ಎಂದು ಜೆಫಜ್ಜಿ ಶಿಲುಬೆಯ ಗುರುತು ಹಾಕಿಕೊಂಡಳು. ಆ ಮುದುಕಿಯ ಮಾತಿಗೆ ಪಾದ್ರಿಯೂ ಎದುರಾಡುವುದಿಲ್ಲ.

ಆ ವರ್ಷವೆಲ್ಲ ಎರಿವಾಲ್ದೊ ನನ್ನ ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಟ್ಟದ್ದಕ್ಕೆ ಲಾರಿಯ ಗಾಜು ಮಬ್ಬಾಗಿತ್ತು. ಊರೂರಿನಿಂದ ಲಿಂದಾಲ್ವಾಳಿಗೆ ಫೋನು ಮಾಡುವನು. ಅವಳೋ, ಪಕ್ಕದಲ್ಲಿ ಅಜ್ಜಿಯನ್ನು ಕೂರಿಸಿಕೊಂಡು, ಚೆನ್ನಾಗಿದ್ದೀರಾ ಕುಂಪಾದೆ, ಊಟ ಆಯ್ತಾ ಕುಂಪಾದೆ ಎಂದು ಗೋಳು ಹೊಯ್ದುಕೊಳ್ಳುವಳು.

"ಒಂದೇ ಒಂದ್ಸಲ ನನ್ನ ಹೆಸರು ಹೇಳೇ" ಎಂದು ಒಮ್ಮೆ ಗೋಗರೆದ.

"ನಾನು ಹೇಳ್ಬಾರ್ದು ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ್ದು ಯಾರು?" ಎಂದಳು. ನಗುತ್ತಲೇ ಅಂದಳು, ಆದರೆ ಫೋನಿಟ್ಟ ಮೇಲೆ ಇವನಿಗೆ ಅನ್ನ ಸೇರಲಿಲ್ಲ.

ಹಬ್ಬ ಹತ್ತಿರವಾಯಿತು. ಸರಕೆಲ್ಲ ಖಾಲಿ ಮಾಡಿ ಊರಿನ ಕಡೆ ತಿರುಗಿದೆವು. ಬಯೀಯಾದ ಘಟ್ಟದಲ್ಲಿ ಲಾರಿಯ ಆಕ್ಸಲ್ ಮುರಿಯಿತು. ಹೊಸದು ಸಿಕ್ಕಿ, ಕೂರಿಸಿ, ಹಗಲುರಾತ್ರಿ ಓಡಿಸಿ ಊರು ಮುಟ್ಟಿದಾಗ ಹಬ್ಬದ ಬೆಳಗಾಗಿತ್ತು. ಪ್ರತಿ ಬಾಗಿಲಲ್ಲೂ ಬೂದಿ, ಅದರ ಪಕ್ಕದಲ್ಲಿ ಸುಟ್ಟು ತಿಂದ ಜೋಳದ ದಿಂಡು. ಎರಿವಾಲ್ದೊ ಅಜ್ಜಿಯ ಜಗುಲಿಯ ಮೇಲೆ ಕುಸಿದು ಕೂತ. ಮತ್ತೆ ಒಂದು ವರ್ಷ ಅಲೆಯಬೇಕಲ್ಲ ಎಂದು ನೆನೆದು ನನಗೇ ಸಂಕಟವಾಯಿತು.

ಲಿಂದಾಲ್ವಾ ಹೊರಗೆ ಬಂದಳು. ಅವಳ ಕಣ್ಣೂ ಕೆಂಪಾಗಿತ್ತು. ಬೂದಿ ನೋಡಿದಳು, ಅವನನ್ನು ನೋಡಿದಳು, ಆಮೇಲೆ ನನ್ನ ಮೇಲೆ ಕಣ್ಣಿಟ್ಟಳು.

"ಅಣ್ಣಾ, ನಿಮ್ಮ ಹೆಸರೇನು?"

ನಾನೇ ಎತ್ತಿ ಆಡಿಸಿದ ಹುಡುಗಿ ನನ್ನ ಹೆಸರು ಕೇಳುತ್ತಿದ್ದಾಳಲ್ಲ, ತಲೆ ಕೆಟ್ಟಿತೇನೋ ಎಂದುಕೊಂಡೆ. ಪೇದ್ರು ಎಂದೆ. ಹೇಳಿದ ಮೇಲೆ ಹೊಳೆಯಿತು. ಇನ್ನು ಕೆಲವೇ ದಿನಕ್ಕೆ ಸಂತ ಪೇದ್ರುವಿನ ಹಬ್ಬ. ಅಂದು ಎಲ್ಲರೂ ಬೆಂಕಿ ಹಾಕುವಂತಿಲ್ಲ, ವಿಧವೆಯರು ಹಾಕಬೇಕು, ಇಲ್ಲವೇ ಪೇದ್ರು ಎಂಬ ಹೆಸರಿನವರು. ನಮ್ಮ ಬೀದಿಯಲ್ಲಿ ವಿಧವೆಯರಿಲ್ಲ. ಜೆಫಜ್ಜಿಯ ಯಜಮಾನರು ಒಳಗೆ ಗೊರಕೆ ಹೊಡೆಯುತ್ತಿದ್ದರು. ಪೇದ್ರು ಅಂತ ಇದ್ದವನು ನಾನೊಬ್ಬನೇ, ಸೋಮಾರಿ.

ಅಜ್ಜಿ ಒಪ್ಪಲಿಲ್ಲ. ಜುವಾಂವ್ ಕಟ್ಟಿದ್ದನ್ನು ಪೇದ್ರು ಹೇಗೆ ಬಿಚ್ಚುತ್ತಾನೆ ಎಂದಳು.

"ಸ್ವರ್ಗದ ಬೀಗದ ಕೈ ಯಾರ ಹತ್ರ ಇರೋದು ಅಜ್ಜಿ?" ಎಂದಳು ಲಿಂದಾಲ್ವಾ.

ಅದಿರುವುದು ಸಂತ ಪೇದ್ರುವಿನ ಕೈಯಲ್ಲಿ. ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು, ಆಗಲಿ ಎಂದಳು. ಪಾದ್ರಿಗೂ ಸಾಧ್ಯವಾಗದ್ದನ್ನು ಹುಡುಗಿ ಮಾಡಿ ತೋರಿಸಿದಳು. ಅಂದಿನಿಂದ ನಾನು ಬೆನ್ನು ಬಗ್ಗುವಷ್ಟು ಸೌದೆ ಹೊತ್ತೆ, ನನ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಖುಷಿಯಿಂದ ನೋಡಿದಳು.

ಪೇದ್ರು ಹಬ್ಬದ ಮುನ್ನಾ ಸಂಜೆ ನನ್ನ ಬಾಗಿಲಲ್ಲಿ ಊರೇ ಸೇರಿತ್ತು. ಎರಿವಾಲ್ದೊ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಲಿಂದಾಲ್ವಾ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಹೋದ ವರ್ಷ ನೀನು ಮಾತಾಡಿದ್ದೇ ಸಾಕು. ಈ ಸಲ ನಾನು ಹೇಳ್ತೀನಿ." ಸಂತರಿಬ್ಬರ ಸಾಕ್ಷಿಯಾಗಿ ಇವನು ನನ್ನ ಮದುಮಗ ಎಂದು ಸ್ಪಷ್ಟವಾಗಿ ಹೇಳಿ, ಅವನನ್ನು ಎಳೆದುಕೊಂಡೇ ಬೆಂಕಿ ಹಾರಿದಳು.

ಆಚೆ ಬದಿಯಲ್ಲಿ ಅವನು ಮುಗ್ಗರಿಸಿದ. ಅವಳು ಬಗ್ಗಿ ನೋಡಿ, "ಎರಿವಾಲ್ದೊ, ಕಾಲು ಸುಟ್ಟಿತಾ?" ಎಂದಳು.

ಕೇಳಿದವರಿಗೆಲ್ಲ ಮಾರುತ್ತರ ಕೊಡುವ ಮನುಷ್ಯನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ಸುಟ್ಟಿಲ್ಲ" ಎಂದ. "ಇನ್ನೊಂದ್ಸಲ ಕೇಳು."