ವಾರ್ಡಿನಲ್ಲಿ ಅಳತೆ ತೆಗೆದ ಟೈಲರಕ್ಕ

ನಲವತ್ತೈದು ವರ್ಷ ಬೀದಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳನ್ನು ಎಲ್ಲರೂ ಟೈಲರಕ್ಕ ಎಂದೇ ಕರೆಯುತ್ತಿದ್ದರು. ಅವಳ ಬಾಯಿ ಕತ್ತರಿಗಿಂತ ಹರಿತ. ತಪ್ಪನ್ನು ಮಾತ್ರ ಜನ್ಮದಲ್ಲಿ ಒಪ್ಪಿಕೊಂಡವಳಲ್ಲ. ಬಟ್ಟೆ ಬಿಗಿಯಾದರೆ ತೊಟ್ಟವರು ಊದಿದ್ದಾರೆ, ಸಡಿಲವಾದರೆ ಸೊರಗಿದ್ದಾರೆ, ಅಷ್ಟೆ.

ಎಪ್ಪತ್ತೆರಡನೇ ವಯಸ್ಸಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಕಿಟಕಿಯಿಲ್ಲದ ಮೂಲೆಯ ಮಂಚ, ಸರಿಯಾಗಿ ಬಾರದ ನಿದ್ದೆ, ಸಾಲದ್ದಕ್ಕೆ ಮೂತ್ರದ ಸೋಂಕು. ಹನ್ನೆರಡನೇ ದಿನ ಬೆಳಿಗ್ಗೆ ತಂಗಿ ಹಾಲಿನ ಫ್ಲಾಸ್ಕ್ ಹಿಡಿದು ಬಂದಾಗ, ಅಕ್ಕ ಡ್ರಿಪ್ಪಿನ ಕೊಳವೆಯನ್ನು ಟೇಪಿನಂತೆ ಹಿಡಿದು, ಬಗ್ಗಿ ನಿಂತ ಡಾಕ್ಟರ ಭುಜ ಅಳೆಯುತ್ತಿದ್ದಳು.

"ಬಲಭುಜ ಇಳಿದಿದೆ. ನೆಟ್ಟಗೆ ನಿಂತ್ಕೊಳ್ಳಪ್ಪ. ಈ ಕೋಟು ಹೊಲಿದೋನು ಯಾರು?"

ಡಾಕ್ಟರು ತಮಗೇ ತಿಳಿಯದಂತೆ ನೆಟ್ಟಗಾದರು. ಅಕ್ಕನ ಕಣ್ಣು ಎದುರು ಮಂಚದ ಮುದುಕಿಯ ಗೌನಿನ ಮೇಲೆ ಬಿತ್ತು. "ಪಾಪ, ಇವರಿಗೆ ಬೆನ್ನಿಗೆ ಬಟ್ಟೆ ಸಾಲ್ಲಿಲ್ವಾ? ಹಿಂದೆಲ್ಲಾ ಬರೀ ಗಾಳಿ."

ಡಾಕ್ಟರು ತಂಗಿಯನ್ನು ಪಕ್ಕಕ್ಕೆ ಕರೆದರು. "ಹೆದರ್ಬೇಡಿ, ಇದು ಹುಚ್ಚಲ್ಲ. ವಯಸ್ಸಾದವರು ಬಹಳ ದಿನ ಆಸ್ಪತ್ರೇಲಿದ್ರೆ ಹೀಗೆ ತಲೆ ಗಲಿಬಿಲಿ ಆಗೋದುಂಟು. ಸೋಂಕಿಗೆ ಔಷಧಿ ಕೊಡ್ತೀವಿ. ನೀವು ಅವರ ಕನ್ನಡಕ ತಂದ್ಕೊಡಿ, ಪಕ್ಕದಲ್ಲಿ ಕೂತು ಮಾತಾಡಿ. ವಾದ ಮಾತ್ರ ಮಾಡ್ಬೇಡಿ."

ಅರವತ್ತು ವರ್ಷದಲ್ಲಿ ತಂಗಿಗೆ ಒಮ್ಮೆಯೂ ಸಾಧ್ಯವಾಗದಿದ್ದ ಕೆಲಸ ಅದೊಂದೇ.

ಮಧ್ಯಾಹ್ನ ಅಕ್ಕ ಅವಳತ್ತ ತಿರುಗಿ, "ಏನು ಹೊಲಿಸ್ಬೇಕಿತ್ತಮ್ಮ?" ಎಂದಳು. ತನ್ನ ಗುರುತೇ ಹತ್ತಿಲ್ಲವೆಂದು ತಂಗಿಗೆ ಅರ್ಥವಾಯಿತು. ಆಮೇಲೆ ಅವಳೊಳಗಿನ ತುಂಟಿ ಮೆಲ್ಲಗೆ ಎದ್ದು ಕೂತಳು.

"ರೇಷ್ಮೆ ರವಿಕೆ. ಆದ್ರೆ ನೀವು ನಿಮ್ಮ ತಂಗಿ ರವಿಕೇನೇ ಸುಟ್ಟಿದ್ರಂತೆ?"

ನಲವತ್ತು ವರ್ಷದ ಹಳೆಯ ಜಗಳವದು. ತಂಗಿ ಮೊದಲ ಸಲ ಕೆಲಸಕ್ಕೆ ಹೋಗುವ ದಿನ ಹೊಸ ರವಿಕೆಯ ತೋಳು ಸುಟ್ಟುಹೋಗಿತ್ತು. ಬಟ್ಟೆಯೇ ಕಳಪೆ ಎಂದು ಅಕ್ಕ ಸಾಧಿಸಿದ್ದಳು.

ಅಕ್ಕ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಾನೇ ಸುಟ್ಟಿದ್ದು. ಇಸ್ತ್ರಿಪೆಟ್ಟಿಗೆ ಇಟ್ಟು ರೇಡಿಯೋ ಕೇಳ್ತಾ ನಿಂತ್ಬಿಟ್ಟೆ. ಅವಳಿಗೆ ಹೇಳ್ಬೇಡಿ, ಜೀವ ತಿಂದ್ಬಿಡ್ತಾಳೆ."

"ಯಾಕೆ ಒಪ್ಕೊಳ್ಳಿಲ್ಲ?"

"ಹಳೇ ರವಿಕೆ ಹಾಕ್ಕೊಂಡೇ ಹೋದ್ಲು. ತಿರುವು ದಾಟೋವರೆಗೂ ನೋಡ್ತಾ ನಿಂತಿದ್ದೆ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

ನಗಲು ಹೊರಟಿದ್ದ ತಂಗಿ ಮೂಗೊರೆಸಿಕೊಂಡಳು.

ನಾಲ್ಕು ದಿನದಲ್ಲಿ ಸೋಂಕು ಇಳಿಯಿತು, ತಲೆಯೂ ತಿಳಿಯಾಯಿತು. ಕನ್ನಡಕದೊಳಗಿಂದ ತಂಗಿಯನ್ನು ದುರುಗುಟ್ಟಿ ನೋಡಿ ಅಕ್ಕ, "ತಲೆ ಬಾಚ್ಕೊಂಡು ಬರೋಕೇನು ಧಾಡಿ ನಿನಗೆ?" ಎಂದಳು. ತಂಗಿಗೆ ಹೋದ ಜೀವ ಬಂದಂತಾಯಿತು.

"ನಾನೇನಾದ್ರೂ ಬಾಯಿಗೆ ಬಂದಂಗೆ ಮಾತಾಡಿದ್ನಾ?"

"ಡಾಕ್ಟ್ರಿಗೆ ಅಳತೆ ತೆಗೆದೆ, ಅಷ್ಟೆ."

"ನಿನ್ನ ಹತ್ರ?"

"ನನ್ನ ಹತ್ರ ಏನಿದೆ ಮಾತಾಡೋಕೆ?"

ಅಕ್ಕ ನಂಬಲಿಲ್ಲ. ಮನೆಗೆ ಬಂದು ವಾಕರ್ ಹಿಡಿದು ಓಡಾಡತೊಡಗಿದ ಮೇಲೂ ನಂಬಿಲ್ಲ. ಈಗ ಅವಳು ಏನು ಬೈದರೂ ತಂಗಿ ಎದುರಾಡುವುದಿಲ್ಲ, ಸುಮ್ಮನೆ ಮುಗುಳ್ನಗುತ್ತಾಳೆ. ಅಕ್ಕನಿಗೆ ತಡೆಯಲಾಗದಿರುವುದು ಅದೇ.